ಮಾರಾಟಕ್ಕೆ ಒಂದು ಪರಿಮಳದ ಮೇಣದಬತ್ತಿ: ಸುರಿದದ್ದು, ಉರಿಸಿದ್ದು, ತೂಗಿದ್ದು

ಕೆಲಸ ಇಷ್ಟು: ನೇರ ಗೋಡೆಯ ಗಾಜಿನ ಜಾರ್‌ನಲ್ಲಿ ಸೋಯಾ ಮೇಣದ ಪರಿಮಳದ ಮೇಣದಬತ್ತಿ. ಒಂದೆರಡು ಮಾಡಿ ಸ್ನೇಹಿತರಿಗೆ ಕೊಡುವುದಕ್ಕಲ್ಲ, ದುಡ್ಡು ತೆಗೆದುಕೊಂಡು ಮಾರುವುದಕ್ಕೆ. ಉಡುಗೊರೆ ಕೊಟ್ಟದ್ದು ಅರ್ಧಕ್ಕೆ ಆರಿಹೋದರೆ ಯಾರೂ ಏನೂ ಅನ್ನುವುದಿಲ್ಲ. ಮಾರಿದ್ದು ಹಾಗಾದರೆ ಕೊಂಡವರು ಮತ್ತೆ ಬರುವುದಿಲ್ಲ. ಗಾಜು ಸೀಳಿದರಂತೂ ಮಾತೇ ಬೇರೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಪರಿಮಳಕ್ಕಿಂತ ಬತ್ತಿಯ ಮಾತೇ ಜಾಸ್ತಿ. ಪರಿಮಳ ನೋಡಿ ಜನ ಒಂದು ಸಲ ಕೊಳ್ಳುತ್ತಾರೆ. ಎರಡನೇ ಸಲ ಕೊಳ್ಳುವುದು ಅದು ಉರಿದ ರೀತಿ ನೋಡಿ.

ಜಾರ್ ಮತ್ತು ಅಳತೆ

ಮೊದಲು ಜಾರ್ ಆರಿಸಬೇಕು, ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ನಾನು ಆರಿಸಿದ್ದರ ಒಳ ಅಗಲ 7 ಸೆಂ.ಮೀ. ಮೇಲಿಂದ ಕೆಳಗಿನವರೆಗೂ ಅಗಲ ಒಂದೇ. ಹೊಟ್ಟೆ ಉಬ್ಬಿದ, ಕತ್ತು ಕಿರಿದಾದ ಜಾರ್ ನೋಡಲು ಚೆಂದ. ಆದರೆ ಉರಿ ಕೆಳಗಿಳಿದಂತೆ ಅಗಲ ಬದಲಾಗುತ್ತದೆ, ಅಗಲ ಬದಲಾದರೆ ಬತ್ತಿಯ ಅಳತೆಯೂ ಬದಲಾಗಬೇಕು. ಬತ್ತಿಯೋ ಉದ್ದಕ್ಕೂ ಒಂದೇ. ಮೊದಲ ಜಾರ್‌ಗೆ ಆ ತಲೆನೋವು ಬೇಡ.

ಗಾಜು ಮೇಣದಬತ್ತಿಗೆಂದೇ ಮಾಡಿದ್ದಾಗಿರಲಿ. ನೀರು ಕುಡಿಯುವ ತೆಳು ಲೋಟ, ವೈನ್ ಗ್ಲಾಸ್, ಬಿರುಕಿನ ಗೆರೆಯಿರುವ ಹಳೇ ಬಾಟಲಿ ಇವೆಲ್ಲ ಬೇಡ. ಗಾಜು ಒಡೆಯುವುದು ಬರೀ ಬಿಸಿಯಿಂದಲ್ಲ, ಒಂದು ಕಡೆ ಬಿಸಿ ಇನ್ನೊಂದು ಕಡೆ ತಣ್ಣಗೆ ಇರುವುದರಿಂದ. ಮರದ, ಪ್ಲಾಸ್ಟಿಕ್‌ನ ಪಾತ್ರೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎಷ್ಟು ಮೇಣ ಹಿಡಿಯುತ್ತದೆ ಎಂದು ತಿಳಿಯಲು ಜಾರನ್ನು ತಕ್ಕಡಿ ಮೇಲಿಟ್ಟು, ತುಂಬಬೇಕಾದ ಗೆರೆಯವರೆಗೆ ನೀರು ಹಾಕಿದೆ. 250 ಗ್ರಾಂ ಬಂತು. ಮೇಣ ನೀರಿಗಿಂತ ಹಗುರ, ಹಾಗಾಗಿ 0.88ರಿಂದ ಗುಣಿಸಿದೆ. 220 ಗ್ರಾಂ. ಇದು ಅಂದಾಜು. ಮೊದಲ ಜಾರ್ ಸುರಿದ ಮೇಲೆ ನಿಜವಾದ ತೂಕ ನೋಡಿ ತಿದ್ದಿಕೊಳ್ಳಬೇಕು. ಜಾರ್ ಮಾತ್ರ ಚೆನ್ನಾಗಿ ಒಣಗಿರಲಿ. ಒಳಗೆ ಉಳಿದ ನೀರಿನ ಹನಿ ಬತ್ತಿಗೆ ಸೇರಿದರೆ ಉರಿ ಚಟಪಟ ಎನ್ನುತ್ತದೆ.

ಮೇಣ

ಪ್ಯಾರಾಫಿನ್, ಸೋಯಾ, ತೆಂಗಿನ ಮಿಶ್ರಣ, ಜೇನುಮೇಣ, ತಾಳೆ ಇವೆಲ್ಲ ಕೈಗೆ ಸಿಗುವಂಥವು. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬರುತ್ತದೆ, ಪರಿಮಳವನ್ನು ಚೆನ್ನಾಗಿ ಎಸೆಯುತ್ತದೆ. ಅದನ್ನು ಭೂತ ಮಾಡಿ ಹೆದರಿಸುವವರ ಮಾತು ನಾನು ಕೇಳುವುದಿಲ್ಲ. ಬತ್ತಿ ತಪ್ಪಿದರೆ ಸೋಯಾ ಕೂಡ ಮಸಿ ಬಿಡುತ್ತದೆ, ಬತ್ತಿ ಸರಿಯಿದ್ದರೆ ಪ್ಯಾರಾಫಿನ್ ಕೂಡ ಶುದ್ಧವಾಗಿ ಉರಿಯುತ್ತದೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ತನ್ನದೇ ಘಮ ಇದೆ, ಮೇಲೆ ಬೇರೆ ಪರಿಮಳ ಹೇರಿದರೆ ಎರಡೂ ಕೆಡುತ್ತವೆ.

ಸೋಯಾ ಆರಿಸಿದ್ದಕ್ಕೆ ಕಾರಣ ಸರಳ. ಕಡಿಮೆ ಬಿಸಿಯಲ್ಲಿ ಕೆಲಸ ಆಗುತ್ತದೆ, ಪಾತ್ರೆ ಬಿಸಿ ಸೋಪಿನ ನೀರಿನಲ್ಲಿ ತೊಳೆದರೆ ಹೋಗುತ್ತದೆ, ತಣಿಯುವಾಗ ಹೆಚ್ಚು ಕುಗ್ಗುವುದಿಲ್ಲ. ಜಾರ್‌ಗೆಂದು ಮಾರುವ ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ತೊಂದರೆಯೂ ಇದೆ: ಮೇಲ್ಮೈ ಮೇಲೆ ಬಿಳಿ ಹರಳಿನಂಥ ಮಚ್ಚೆ ಏಳುತ್ತದೆ, ಇದಕ್ಕೆ ಫ್ರಾಸ್ಟಿಂಗ್ ಅನ್ನುತ್ತಾರೆ. ಸೋಯಾ ಕೊಬ್ಬು ನಿಧಾನವಾಗಿ ಬೇರೆ ಬಗೆಯ ಹರಳಾಗಿ ಜೋಡಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಉರಿಗೆ ಏನೂ ತೊಂದರೆಯಿಲ್ಲ. ಗಾಢ ಬಣ್ಣ ಹಾಕಿದರೆ ಎದ್ದು ಕಾಣುತ್ತದೆ. ನಾನು ಬಣ್ಣವನ್ನೇ ಹಾಕುವುದಿಲ್ಲ, ಅಲ್ಲಿಗೆ ಮುಗಿಯಿತು.

ಬಣ್ಣ ಬೇಕೇ ಬೇಕು ಅನ್ನುವವರು ಮೇಣದಬತ್ತಿಯ ಬಣ್ಣವನ್ನೇ ತರಬೇಕು. ಮಕ್ಕಳ ಕ್ರೇಯಾನ್ ಕರಗಿಸಿ ಹಾಕುವ ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಕ್ರೇಯಾನ್‌ನಲ್ಲಿರುವುದು ಕರಗದ ಬಣ್ಣದ ಪುಡಿ, ಅದು ಬತ್ತಿಯ ಎಳೆಗಳ ಸಂದಿಯಲ್ಲಿ ಕೂತು ಮೇಣ ಮೇಲೇರದಂತೆ ತಡೆಯುತ್ತದೆ.

ಎಣ್ಣೆ

ಪರಿಮಳದ ಎಣ್ಣೆಯನ್ನು ಮೇಣದ ತೂಕದ ಶೇಕಡಾ ಲೆಕ್ಕದಲ್ಲಿ ಹಾಕಬೇಕು, ಚಮಚದ ಲೆಕ್ಕದಲ್ಲಲ್ಲ. ನಾನು ಶೇ. 7 ಇಟ್ಟುಕೊಂಡೆ. ಜಾರ್‌ಗೆ ಒಟ್ಟು 220 ಗ್ರಾಂ ಬೇಕು. 220ನ್ನು 1.07ರಿಂದ ಭಾಗಿಸಿದರೆ ಮೇಣ 205.6 ಗ್ರಾಂ, ಉಳಿದ 14.4 ಗ್ರಾಂ ಎಣ್ಣೆ. ಆರು ಜಾರ್‌ಗೆ ಮೇಣ 1,234 ಗ್ರಾಂ, ಎಣ್ಣೆ 86 ಗ್ರಾಂ. ಪಾತ್ರೆಗೆ ಅಂಟಿ ಉಳಿಯುವುದಕ್ಕೆಂದು ಎರಡನ್ನೂ ಚೂರು ಹೆಚ್ಚಿಸಿಕೊಳ್ಳಿ. ತಕ್ಕಡಿ ಒಂದು ಗ್ರಾಂವರೆಗಾದರೂ ಸರಿಯಾಗಿ ತೋರಿಸಬೇಕು.

ಶೇ. 10 ಹಾಕಿದ ಜಾರ್ ಒಂದನ್ನೂ ಪಕ್ಕದಲ್ಲೇ ಸುರಿದಿಟ್ಟೆ. ಜಾಸ್ತಿ ಎಣ್ಣೆ ಅಂದರೆ ಜಾಸ್ತಿ ಪರಿಮಳ ಅನ್ನುವ ನಂಬಿಕೆ ಗಟ್ಟಿಯಾಗಿದೆಯಲ್ಲ, ಅದನ್ನು ಉರಿಸಿಯೇ ನೋಡೋಣ ಅಂತ. ಉರಿಸಿದಾಗ ಕೋಣೆಯಲ್ಲಿ ವ್ಯತ್ಯಾಸ ಹೇಳಲು ಆಗಲಿಲ್ಲ. ಆದರೆ ಮೇಣದ ಮೇಲೆ ಎಣ್ಣೆ ಬೆವರಿನಂತೆ ಹನಿಗಟ್ಟಿತ್ತು, ಅದೇ ಬತ್ತಿಯ ಜ್ವಾಲೆಯೂ ಸೊರಗಿತ್ತು. ಪ್ರತಿ ಮೇಣಕ್ಕೂ ಎಷ್ಟು ಎಣ್ಣೆ ಹಿಡಿದಿಟ್ಟುಕೊಳ್ಳಬಲ್ಲದು ಎಂಬ ಮಿತಿ ಇದೆ, ಮಾರುವವರ ಮಾಹಿತಿಯಲ್ಲಿ ಅದು ಇರುತ್ತದೆ. ಅದನ್ನು ದಾಟುವುದು ದುಡ್ಡು ಸುರಿದು ಉರಿ ಕೆಡಿಸಿಕೊಂಡಂತೆ.

ಎಣ್ಣೆ ಕೊಳ್ಳುವಾಗ ಎರಡು ಕಾಗದ ಕೇಳಿ ತೆಗೆದುಕೊಳ್ಳಬೇಕು. ಒಂದು ಸುರಕ್ಷತಾ ಮಾಹಿತಿ ಪತ್ರ. ಇನ್ನೊಂದು ಅಂತರರಾಷ್ಟ್ರೀಯ ಸುಗಂಧ ಸಂಘದ, ಅಂದರೆ ಐಎಫ್‌ಆರ್‌ಎ ನಿಯಮದ ಪ್ರಮಾಣಪತ್ರ. ಆ ಪತ್ರದಲ್ಲಿ 12ನೇ ವರ್ಗ ನೋಡಿ, ಮೇಣದಬತ್ತಿ ಬರುವುದು ಅದರಲ್ಲೇ. ಇವೆರಡನ್ನು ಕೊಡದ ಅಂಗಡಿಯ ಎಣ್ಣೆ ಎಷ್ಟೇ ಅಗ್ಗವಾಗಿರಲಿ, ಮಾರುವ ಮಾಲಿಗೆ ಬೇಡ. ಮೈಗೆ ಪೂಸುವ ಅತ್ತರು, ಸ್ಪ್ರೇ ಸೆಂಟು ಹಾಕುವ ಯೋಚನೆಯೂ ಬೇಡ. ಸ್ಪ್ರೇ ಸೆಂಟಿನಲ್ಲಿ ಆಲ್ಕೋಹಾಲ್ ಇರುತ್ತದೆ.

ಗಿಡಮೂಲದ ಸಾರತೈಲ ಹಾಕಿದರೆ ಹೆಚ್ಚು ಒಳ್ಳೆಯದಲ್ವಾ ಎಂದು ಕೇಳುವವರು ತುಂಬಾ. ಹಾಗೇನಿಲ್ಲ. ನಿಂಬೆ, ಕಿತ್ತಳೆಯಂಥವು ಬೇಗ ಹಾರಿಹೋಗುತ್ತವೆ, ಬಿಸಿಯಲ್ಲಿ ನಿಲ್ಲುವುದಿಲ್ಲ. ಗಿಡದಿಂದ ಬಂತು ಅಂದ ಮಾತ್ರಕ್ಕೆ ಅಲರ್ಜಿ ತರುವುದಿಲ್ಲ ಎಂದೂ ಅಲ್ಲ. ಲಿಮೋನೀನ್, ಲಿನಲೂಲ್ ಎಂಬ ಪರಿಮಳದ ಅಂಶಗಳೆರಡೂ ಗಿಡಗಳಲ್ಲೇ ಇರುವಂಥವು, ಅಲರ್ಜಿ ಪಟ್ಟಿಯಲ್ಲೂ ಇರುವಂಥವು.

ಕರಗಿಸಿ ಸುರಿದದ್ದು

ಮೇಣದ ಪಾತ್ರೆಯನ್ನು ನೇರ ಒಲೆ ಮೇಲೆ ಇಡುವುದಿಲ್ಲ. ಅಗಲ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಜಗ್. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮೇಣವೂ ದಾಟುವುದಿಲ್ಲ. ನೀರು ಪೂರ್ತಿ ಆವಿಯಾಗದಂತೆ ನೋಡಿಕೊಂಡರೆ ಸಾಕು. ಮೇಣ ವಿಪರೀತ ಕಾದರೆ ಅದರ ಆವಿಗೇ ಬೆಂಕಿ ಹತ್ತುತ್ತದೆ. ಹತ್ತಿದರೆ ನೀರು ಹಾಕಲೇಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಮೇಣವನ್ನು ನಾಲ್ಕೂ ಕಡೆ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಪಾತ್ರೆ ಅಲ್ಲಾಡಿಸದೆ ಬಿಡಬೇಕು. ನನ್ನ ಮೇಜಿನ ಪಕ್ಕ ಜಗ್‌ಗೆ ಸರಿಹೊಂದುವ ಲೋಹದ ಮುಚ್ಚಳ ಮತ್ತು ಒಣ ಪುಡಿಯ ಅಗ್ನಿಶಾಮಕ ಎರಡೂ ಇವೆ. ಮೇಣ ಒಲೆ ಮೇಲಿದ್ದಾಗ ಬಾಗಿಲು ತೆಗೆಯಲು ಕೂಡ ಎದ್ದು ಹೋಗುವುದಿಲ್ಲ.

ಬತ್ತಿಯ ತಳದಲ್ಲಿ ಪುಟ್ಟ ತಗಡಿನ ಬಿಲ್ಲೆ ಇರುತ್ತದೆ. ಅದನ್ನು ಬಿಸಿ ತಡೆಯುವ ಸ್ಟಿಕ್ಕರ್‌ನಿಂದ ಜಾರ್‌ನ ನಟ್ಟನಡುವೆ ಅಂಟಿಸಿದೆ. ನಡುವೆ ಎಂದರೆ ಅಳೆದು ನಡುವೆ. ಅರ್ಧ ಸೆಂ.ಮೀ. ಸರಿದರೂ ಒಂದು ಕಡೆ ಗಾಜು ಹೆಚ್ಚು ಕಾಯುತ್ತದೆ, ಇನ್ನೊಂದು ಕಡೆ ಮೇಣ ಉಳಿಯುತ್ತದೆ. ಜಾರ್‌ನ ಅಗಲಕ್ಕೆ ದುಂಡಗೆ ಕತ್ತರಿಸಿದ ರಟ್ಟಿನ ನಡುವೆ ತೂತು ಮಾಡಿಕೊಂಡರೆ ಬೇರೆ ಉಪಕರಣ ಬೇಡ. ಮೇಲ್ತುದಿಯನ್ನು ಎರಡು ಕಡ್ಡಿಗಳ ನಡುವೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದೆ.

ಮೇಣ 83 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ ಎಣ್ಣೆ ಹಾಕಿದೆ. ಎರಡು ನಿಮಿಷ ನಿಧಾನವಾಗಿ, ತಳ ಮುಟ್ಟುವಂತೆ ಕಲಸಿದೆ. ರಭಸವಾಗಿ ಕಡೆದರೆ ಗಾಳಿಗುಳ್ಳೆ ಸೇರುತ್ತದೆ. ಇಲ್ಲಿ ಫ್ಲ್ಯಾಶ್ ಪಾಯಿಂಟ್ ಬಗ್ಗೆ ಒಂದು ಮಾತು. ಎಣ್ಣೆ ಬಾಟಲಿ ಮೇಲೆ 70 ಡಿಗ್ರಿ ಎಂದಿದ್ದರೆ, ಅದಕ್ಕಿಂತ ಬಿಸಿ ಮೇಣಕ್ಕೆ ಹಾಕಿದೊಡನೆ ಪರಿಮಳ ಸುಟ್ಟುಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಆ ಅಂಕಿಯ ಅರ್ಥ ಬೇರೆ. ಅಷ್ಟು ಬಿಸಿಯಲ್ಲಿ ಎಣ್ಣೆಯ ಆವಿ ಕಿಡಿ ಸಿಕ್ಕರೆ ಹತ್ತಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಅಂದರೆ ಎಣ್ಣೆ ಹಾಕುವಾಗ ಹತ್ತಿರದಲ್ಲಿ ಬೆಂಕಿ ಇರಬಾರದು. ಒಲೆಯಿಂದ ಇಳಿಸಿ ಹಾಕುವುದು ಅದಕ್ಕೇ.

ಸುರಿದದ್ದು 58 ಡಿಗ್ರಿಗೆ. ಜಾರ್‌ಗಳು ಬೆಚ್ಚಗಿದ್ದವು, ಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ತಣ್ಣನೆಯ ಗಾಜಿಗೆ ಸುರಿದರೆ ಮೇಣ ಅಲ್ಲಲ್ಲಿ ಗೋಡೆ ಬಿಟ್ಟು, ಹೊರಗಿನಿಂದ ಒದ್ದೆ ಮಚ್ಚೆಯ ಹಾಗೆ ಕಾಣುತ್ತದೆ. ಬೆಚ್ಚಗಿನ ಗಾಜಿಗೆ ಸುರಿದರೂ ವಾತಾವರಣ ಬದಲಾದಾಗ ಕೆಲವು ಜಾರ್‌ಗಳಲ್ಲಿ ಅದು ಬಂದೇ ಬರುತ್ತದೆ. ತೀರಾ ಬೇಸರವಾದರೆ ಲೇಬಲ್ ದೊಡ್ಡದು ಮಾಡಿ ಮುಚ್ಚಿಬಿಡಿ. ಮೇಲ್ಮೈ ಉಬ್ಬುತಗ್ಗಾದ ಎರಡು ಜಾರ್‌ಗೆ ಬಿಸಿಗಾಳಿ ಊದುವ ಹೀಟ್ ಗನ್ ತೋರಿಸಿದೆ, ಸಮ ಆಯಿತು. ಸುರಿದು ಉಳಿದ ಮೇಣವನ್ನು ಸಿಂಕಿಗೆ ಮಾತ್ರ ಚೆಲ್ಲಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ.

ಆಮೇಲೆ ಮುಚ್ಚಳ ಹಾಕಿ ಎರಡು ವಾರ ಇಟ್ಟೆ. ಸೋಯಾ ಪೂರ್ತಿ ಗಟ್ಟಿಯಾಗಿ ಹದಕ್ಕೆ ಬರಲು ಒಂದರಿಂದ ಎರಡು ವಾರ ಬೇಕು, ಪ್ಯಾರಾಫಿನ್ ಆದರೆ ಕೆಲವೇ ದಿನ. ಮರುದಿನವೇ ಉರಿಸಿ ಪರಿಮಳ ಇಲ್ಲ ಎಂದು ಎಣ್ಣೆಯನ್ನು ಬೈಯುವುದು ಅನ್ಯಾಯ.

ಉರಿಸಿ ನೋಡಿದ್ದು

ನಿಜವಾದ ಕೆಲಸ ಇಲ್ಲಿಂದ ಶುರು. ಉರಿಯುವುದು ಬತ್ತಿಯಲ್ಲ, ಮೇಣ. ಜ್ವಾಲೆಯ ಬಿಸಿಗೆ ಮೇಣ ಕರಗುತ್ತದೆ, ಬತ್ತಿಯ ಎಳೆಗಳ ಮೂಲಕ ಮೇಲೇರುತ್ತದೆ, ಆವಿಯಾಗಿ ಉರಿಯುತ್ತದೆ. ಬತ್ತಿ ಇಂಧನ ಸಾಗಿಸುವ ಪೈಪು ಮಾತ್ರ. ಪೈಪು ಸಣ್ಣದಾದರೆ ಜ್ವಾಲೆ ಸಣ್ಣದು, ಗೋಡೆ ಬದಿಯ ಮೇಣ ಕರಗದೆ ನಡುವೆ ಸುರಂಗ ಬೀಳುತ್ತದೆ. ದೊಡ್ಡದಾದರೆ ಸಾಗಿ ಬಂದ ಮೇಣ ಪೂರ್ತಿ ಉರಿಯುವುದಿಲ್ಲ, ಉಳಿದದ್ದು ಮಸಿಯಾಗಿ ಹಾರುತ್ತದೆ.

ಹೆಣೆದ ಬತ್ತಿ ಉರಿಯುತ್ತಾ ಸ್ವಲ್ಪ ಬಾಗುತ್ತದೆ, ಬಾಗಿದ ತುದಿ ಜ್ವಾಲೆಯ ಅಂಚಿಗೆ ಬಂದು ಸುಟ್ಟುಹೋಗುತ್ತದೆ. ಬಾಗುವುದು ದೋಷವಲ್ಲ, ಹಾಗೇ ಹೆಣೆದಿರುತ್ತಾರೆ. ಒಳಗೆ ಲೋಹದ ತಂತಿಯಿರುವ ಬತ್ತಿಯೂ ಇದೆ, ಈಗ ಸಾಮಾನ್ಯವಾಗಿ ಸತು ಅಥವಾ ತವರದ್ದು. ಸೀಸದ ತಂತಿಯ ಬತ್ತಿಯನ್ನು ಅಮೆರಿಕದಲ್ಲಿ 2003ರಲ್ಲಿ ನಿಷೇಧಿಸಿದರು. ನಾನು ತಂತಿಯಿಲ್ಲದ ಹತ್ತಿ ಬತ್ತಿ ತೆಗೆದುಕೊಂಡೆ. ಒಂದು ಎಚ್ಚರಿಕೆ: ಬತ್ತಿಗಳಿಗೆ ಬೇರೆ ಬೇರೆ ಸರಣಿಗಳಿವೆ, ಪ್ರತಿ ಸರಣಿಗೂ ತನ್ನದೇ ನಂಬರು. ಒಂದು ಸರಣಿಯ 10 ಇನ್ನೊಂದರ 10 ಅಲ್ಲ.

ಒಂದೇ ಸರಣಿಯ ಮೂರು ಅಳತೆ ತರಿಸಿದೆ: ಜಾರ್‌ನ ಅಗಲಕ್ಕೆ ಬತ್ತಿ ಮಾರುವವರ ಪಟ್ಟಿಯಲ್ಲಿ ಹೇಳಿದ್ದು, ಅದಕ್ಕಿಂತ ಒಂದು ಸಣ್ಣದು, ಒಂದು ದೊಡ್ಡದು. ಮೇಣ, ಎಣ್ಣೆ, ಜಾರ್ ಮೂರಕ್ಕೂ ಒಂದೇ. ಬತ್ತಿಯನ್ನು 5 ಮಿ.ಮೀ.ಗೆ ಕತ್ತರಿಸಿ, ಗಾಳಿ ಬೀಸದ ಕಡೆ ಇಟ್ಟು, ನಾಲ್ಕು ಗಂಟೆ ಉರಿಸಿದೆ. ಗಂಟೆಗೊಮ್ಮೆ ಬತ್ತಿಯ ಸುತ್ತ ಕರಗಿದ ಮೇಣದ ಕೊಳದ ಅಗಲ, ಕೊನೆಗೆ ಆಳ, ಗಾಜಿನ ಬಿಸಿ ಬರೆದುಕೊಂಡೆ. ಹಚ್ಚುವ ಮುಂಚೆ ಒಮ್ಮೆ, ಆರಿಸಿದ ಮೇಲೆ ಒಮ್ಮೆ ತೂಗಿದೆ.

ಸಣ್ಣ ಬತ್ತಿಯ ಕೊಳ ನಾಲ್ಕು ಗಂಟೆಯಾದರೂ 5 ಸೆಂ.ಮೀ.ಗೇ ನಿಂತಿತು. ಸುತ್ತಲೂ 1 ಸೆಂ.ಮೀ. ದಪ್ಪದ ಮೇಣದ ಗೋಡೆ. ದೊಡ್ಡದು ಒಂದೂವರೆ ಗಂಟೆಯಲ್ಲೇ ಅಂಚು ಮುಟ್ಟಿತು, ನಾಲ್ಕು ಗಂಟೆಗೆ ಕೊಳದ ಆಳ 14 ಮಿ.ಮೀ. ಜ್ವಾಲೆ ಕುಣಿಯುತ್ತಿತ್ತು, ಬತ್ತಿಯ ತುದಿಗೆ ಅಣಬೆಯಂಥ ಕರಿಗಂಟು ಕಟ್ಟಿತ್ತು, ಜಾರ್‌ನ ಬಾಯಿಗೆ ಮಸಿ. ಇಷ್ಟು ಆಳದ ಕೊಳದಲ್ಲಿ ಪರಿಮಳವೂ ಬೇಗ ಹಾರಿಹೋಗುತ್ತದೆ.

ನಡುವಿನದು ಮೊದಲ ಸಲ ಅಂಚು ಮುಟ್ಟಲಿಲ್ಲ. 3 ಮಿ.ಮೀ.ಯಷ್ಟು ಮೇಣ ಗೋಡೆಗೆ ಅಂಟಿಕೊಂಡೇ ಇತ್ತು. ಇಲ್ಲೇ ಬಹಳ ಜನ ದೊಡ್ಡ ಬತ್ತಿಗೆ ಹಾರಿಬಿಡುತ್ತಾರೆ. ಹಾರಬಾರದು. ಜಾರ್ ತುಂಬಿರುವಾಗ ಜ್ವಾಲೆ ಬಾಯಿಯ ಹತ್ತಿರ ಇರುತ್ತದೆ, ಬಿಸಿ ಹೊರಗೆ ಹೋಗುತ್ತದೆ. ಅರ್ಧ ಇಳಿದ ಮೇಲೆ ಗಾಜಿನ ಗೋಡೆ ಬಿಸಿಯನ್ನು ಹಿಡಿದಿಡುತ್ತದೆ, ಅದೇ ಬತ್ತಿ ಜೋರಾಗುತ್ತದೆ. ನಡುವಿನ ಬತ್ತಿ ಮೂರನೇ ಸಲಕ್ಕೆ ಮೊದಲು ಬಿಟ್ಟಿದ್ದ ಮೇಣವನ್ನೂ ಕರಗಿಸಿ ಎಳೆದುಕೊಂಡಿತು. ಕೆಳಗಿನ ಅರ್ಧದಲ್ಲಿ ಕೊಳದ ಆಳ 9 ಮಿ.ಮೀ., ಮಸಿ ಇಲ್ಲ. ಮೊದಲ ಸಲವೇ ಅಂಚು ಮುಟ್ಟಿ ಮೆಚ್ಚುಗೆ ಗಳಿಸುವ ಬತ್ತಿ ಕೊನೆಯಲ್ಲಿ ಗಾಜನ್ನು ಕಾಯಿಸಿ ಹೆದರಿಸುತ್ತದೆ. ಹಾಗಾಗಿ ಪರೀಕ್ಷೆ ಅಂದರೆ ಮೊದಲ ಹಚ್ಚುವಿಕೆಯಿಂದ ತಳದವರೆಗೆ. ಅರ್ಧ ಉರಿಸಿ ಸಾಕು ಅಂದುಕೊಳ್ಳುವುದು ಪರೀಕ್ಷೆಯೇ ಅಲ್ಲ.

ತೂಕದ ಲೆಕ್ಕ ಇನ್ನೊಂದು ವಿಷಯ ಹೇಳಿತು. ನಡುವಿನ ಬತ್ತಿ ನಾಲ್ಕು ಗಂಟೆಯಲ್ಲಿ 24 ಗ್ರಾಂ ಉರಿಸುತ್ತದೆ, ಗಂಟೆಗೆ 6 ಗ್ರಾಂ. 220ನ್ನು 6ರಿಂದ ಭಾಗಿಸಿ 36 ಗಂಟೆ ಉರಿಯುತ್ತದೆ ಎಂದು ಲೇಬಲ್ ಮೇಲೆ ಬರೆಯುವ ಆಸೆ ಆಗುತ್ತದೆ. ಆದರೆ ತಳದಲ್ಲಿ 12 ಮಿ.ಮೀ. ಮೇಣ ಇರುವಾಗಲೇ ನಿಲ್ಲಿಸಿ ಎಂದು ನಾವೇ ಹೇಳುತ್ತೇವೆ, ಇಲ್ಲದಿದ್ದರೆ ಗಾಜಿನ ತಳ ಕಾದು ಸೀಳಬಹುದು. ಈ ಜಾರ್‌ನಲ್ಲಿ ಆ 12 ಮಿ.ಮೀ. ಅಂದರೆ ಸುಮಾರು 40 ಗ್ರಾಂ. ಉಳಿದ 180ಕ್ಕೆ 30 ಗಂಟೆ. ಲೇಬಲ್ ಮೇಲೆ ಬಂದದ್ದು ಸುಮಾರು 30 ಗಂಟೆ ಎಂದೇ.

ಪರಿಮಳ ಅಳೆಯಲು ಉಪಕರಣ ಇಲ್ಲ, ಮೂಗೇ ಗತಿ. ಅದೂ ಬೇಗ ದಣಿಯುತ್ತದೆ. ಅದೇ ಕೋಣೆಯಲ್ಲಿ ಕೂತವರಿಗೆ ಸ್ವಲ್ಪ ಹೊತ್ತಿನಲ್ಲಿ ಏನೂ ತಿಳಿಯುವುದಿಲ್ಲ. ಹೊರಗೆ ಹೋಗಿ ಬಂದು ಮೂಸಬೇಕು, ಇನ್ನೂ ಒಳ್ಳೆಯದು ಬೇರೆಯವರನ್ನು ಕರೆದು ಕೇಳುವುದು. ಕೇಳುವಾಗ ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಏನು ವಾಸನೆ ಬರ್ತಿದೆ ಅಂತ ಕೇಳಿ.

ಎಣ್ಣೆ ಬದಲಾದಾಗ

ಮೊದಲ ಪರಿಮಳ ಲ್ಯಾವೆಂಡರ್ ಬಗೆಯದು. ಎರಡನೆಯದು ವೆನಿಲಾ. ಅದೇ ಜಾರ್, ಅದೇ ಮೇಣ, ಅದೇ ಶೇ. 7, ಅದೇ ಬತ್ತಿ. ಆದರೂ ಕೊಳ 5.5 ಸೆಂ.ಮೀ. ದಾಟಲಿಲ್ಲ. ಕೆಳಗಿಳಿದ ಮೇಲೂ ದಾಟಲಿಲ್ಲ. ಕೆಲವು ಎಣ್ಣೆ ದಪ್ಪ, ಬತ್ತಿಯಲ್ಲಿ ಮೇಲೇರುವುದು ಕಷ್ಟ. ಈ ವೆನಿಲಾಕ್ಕೆ ಒಂದು ಅಳತೆ ದೊಡ್ಡ ಬತ್ತಿ ಬೇಕಾಯಿತು, ಲ್ಯಾವೆಂಡರ್‌ನಲ್ಲಿ ಮಸಿ ಬಿಟ್ಟ ಅದೇ ದೊಡ್ಡ ಬತ್ತಿ! ಇಲ್ಲಿ ಅದು ಸದ್ದಿಲ್ಲದೆ ಉರಿಯಿತು.

ಅಂದರೆ ಜಾರ್, ಮೇಣ, ಎಣ್ಣೆ, ಬತ್ತಿ ನಾಲ್ಕರಲ್ಲಿ ಒಂದು ಬದಲಾದರೂ ಅದು ಹೊಸ ಮೇಣದಬತ್ತಿ. ಮೊದಲಿಂದ ಉರಿಸಬೇಕು. ಇಪ್ಪತ್ತು ಪರಿಮಳ ಇಟ್ಟು ಅಂಗಡಿ ತೆರೆಯುವವರನ್ನು ನೋಡಿದಾಗ ನನಗೆ ಮೊದಲು ಬರುವ ಅನುಮಾನ ಇದೇ: ಇಷ್ಟನ್ನೂ ತಳದವರೆಗೆ ಉರಿಸಿದ್ದಾರಾ? ನಾನು ಮೂರು ಪರಿಮಳಕ್ಕೆ ನಿಲ್ಲಿಸಿದೆ. ವೆನಿಲಾದ ಇನ್ನೊಂದು ಗುಣ: ಅದರಲ್ಲಿರುವ ವೆನಿಲಿನ್ ಬಿಳಿ ಮೇಣವನ್ನು ಕ್ರಮೇಣ ಕಂದು ಮಾಡುತ್ತದೆ. ಅದಕ್ಕೆ ಕಂದು ಗಾಜಿನ ಜಾರ್ ಕೊಟ್ಟೆ. ಗಾಜಿನ ಬಣ್ಣ ಬದಲಾಯಿತಲ್ಲ, ಅದನ್ನೂ ಮತ್ತೆ ಉರಿಸಿಯೇ ಸೇರಿಸಿದೆ.

ಮೇಲೆ ಒಣ ಹೂವು, ಎಲೆ, ಕಡ್ಡಿ ಇಟ್ಟು ಅಲಂಕರಿಸುವುದು ಫೋಟೋದಲ್ಲಿ ಬಹಳ ಚೆಂದ. ಮಾರುವ ಮಾಲಿಗೆ ಬೇಡವೇ ಬೇಡ. ಅವು ಕರಗಿದ ಕೊಳದಲ್ಲಿ ತೇಲಿಕೊಂಡು ಜ್ವಾಲೆಗೆ ಬಂದು ಹತ್ತಿಕೊಳ್ಳುತ್ತವೆ, ಆಗ ಒಂದು ಜಾರ್‌ನಲ್ಲಿ ಎರಡು ಮೂರು ಬತ್ತಿ ಉರಿದಂತೆ.

ಲೇಬಲ್

ತಳದಲ್ಲಿ ಎಚ್ಚರಿಕೆಯ ಸ್ಟಿಕ್ಕರ್. ಕಣ್ಣೆದುರಿಗೇ ಉರಿಸಿ, ಹತ್ತಿಕೊಳ್ಳುವ ವಸ್ತುಗಳಿಂದ ದೂರ ಇಡಿ, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರ ಇಡಿ. ಈ ಮೂರು ಮಾತು ಇರಲೇಬೇಕು. ಜೊತೆಗೆ ಬತ್ತಿ 5 ಮಿ.ಮೀ.ಗೆ ಕತ್ತರಿಸಿ, ಒಂದೇ ಸಲಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಬೇಡ, 12 ಮಿ.ಮೀ. ಉಳಿದಾಗ ನಿಲ್ಲಿಸಿ ಎಂದು ಹಾಕಿದೆ. ಮೇಣದಬತ್ತಿಯ ಎಚ್ಚರಿಕೆ ಲೇಬಲ್‌ಗೆ ಅಮೆರಿಕದಲ್ಲಿ ಎಎಸ್‌ಟಿಎಂ ಎಫ್2058, ಯುರೋಪಿನಲ್ಲಿ ಇಎನ್ 15494 ಎಂಬ ಮಾನದಂಡಗಳಿವೆ. ಯುರೋಪಿನಲ್ಲಿ ಎಣ್ಣೆಯ ಅಂಶಗಳನ್ನು ನೋಡಿ ಅಲರ್ಜಿಯ ಎಚ್ಚರಿಕೆಯನ್ನೂ ಹಾಕಬೇಕಾಗಬಹುದು. ಎಲ್ಲಿ ಮಾರುತ್ತೀರೋ ಅಲ್ಲಿಯ ನಿಯಮ ಮುದ್ರಿಸುವ ಮುಂಚೆ ನೋಡಿಕೊಳ್ಳಿ.

ನಿವ್ವಳ ತೂಕ, ನಮ್ಮ ಸಂಪರ್ಕ, ಬ್ಯಾಚ್ ನಂಬರು. ಈ ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ಯಾವ ಚೀಲದ ಮೇಣ, ಯಾವ ಬಾಟಲಿಯ ಎಣ್ಣೆ, ಯಾವ ಸುರುಳಿಯ ಬತ್ತಿ, ಎಷ್ಟು ಡಿಗ್ರಿಗೆ ಸುರಿದದ್ದು ಎಂದು ಪುಸ್ತಕದಲ್ಲಿ ಬರೆದು, ಆ ಸಾಲಿನ ನಂಬರನ್ನು ಜಾರ್ ಮೇಲೆ ಹಾಕಿದರೆ ಸಾಕು. ಪ್ರತಿ ಬ್ಯಾಚಿನ ಒಂದು ಜಾರ್ ನನ್ನ ಹತ್ತಿರವೇ ಇರುತ್ತದೆ. ಯಾರಾದರೂ ದೂರು ಹೇಳಿದರೆ ವಾದ ಮಾಡುವ ಬದಲು ಅದನ್ನು ಹಚ್ಚಿ ನೋಡಬಹುದು.

ಮಸಿ ಬರುವುದೇ ಇಲ್ಲ, ರಾಸಾಯನಿಕವೇ ಇಲ್ಲ, ನಿದ್ದೆ ಬರಿಸುತ್ತದೆ, ತಲೆನೋವು ಓಡಿಸುತ್ತದೆ ಎಂದೆಲ್ಲ ಬರೆಯಬೇಡಿ. ಉರಿಯುವ ಯಾವ ಮೇಣವೂ ಒಂದಿಷ್ಟು ಮಸಿ ಬಿಡುತ್ತದೆ, ಮೇಣವೂ ರಾಸಾಯನಿಕವೇ. ಹೆಸರಾಂತ ಸೆಂಟಿನ ಹೆಸರನ್ನು ಪರಿಮಳಕ್ಕೆ ಇಡುವುದೂ ಬೇಡ, ಟ್ರೇಡ್‌ಮಾರ್ಕಿನ ಕಾಗದ ಮನೆಗೆ ಬರುತ್ತದೆ.

ಲೆಕ್ಕ

ಖರ್ಚಿನ ಪಟ್ಟಿ ಬರೆದಾಗ ಹೆಚ್ಚು ನುಂಗುವುದು ಮೇಣವಲ್ಲ, ಮುಚ್ಚಳ ಸಮೇತ ಜಾರ್. ಆಮೇಲೆ ಎಣ್ಣೆ. ಬತ್ತಿಯದ್ದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಗುಣ ನಿರ್ಧರಿಸುವ ವಸ್ತು ಎಲ್ಲಕ್ಕಿಂತ ಅಗ್ಗ, ಹಾಗಾಗಿ ಬತ್ತಿಯಲ್ಲಿ ಜಿಪುಣತನ ಮಾಡುವವರು ಏನು ಉಳಿಸುತ್ತಾರೋ ನನಗಂತೂ ತಿಳಿಯದು.

ಒಂದು ಜಾರ್‌ನ ಸಾಮಗ್ರಿಗೆ, ಡಬ್ಬಿ ಲೇಬಲ್ ಸೇರಿ, 100 ಅಂದುಕೊಳ್ಳಿ. ಪರೀಕ್ಷೆಗೆ ಉರಿದದ್ದು, ಒಡೆದದ್ದು, ಪಾತ್ರೆಗೆ ಅಂಟಿದ್ದು ಎಂದು 10 ಸೇರಿಸಿ. ಕರಗಿಸಿ ಸುರಿದು ಒರೆಸಿ ಲೇಬಲ್ ಅಂಟಿಸಿ ಕಟ್ಟುವ ಸಮಯಕ್ಕೆ 60. ಹಣ ಪಾವತಿಯ ಶುಲ್ಕ, ವಿಮೆ, ಮಳಿಗೆ ಬಾಡಿಗೆ, ಉರಿಸುವ ಗ್ಯಾಸಿಗೆ 30. ಒಟ್ಟು 200. ಬೆಲೆ 300 ಇಟ್ಟರೆ ಲಾಭ 100 ಎಂದು ಖುಷಿಯಾಗುತ್ತದೆ. ನಾಳೆ ಒಂದು ಅಂಗಡಿಯವರು ನಿಮ್ಮ ಜಾರ್ ಇಟ್ಟು ಮಾರುತ್ತೇವೆ, ಅರ್ಧ ಬೆಲೆಗೆ ಕೊಡಿ ಅನ್ನುತ್ತಾರೆ. ಅರ್ಧ ಅಂದರೆ 150. ಪ್ರತಿ ಜಾರ್‌ಗೂ 50 ನಷ್ಟ. ಅವರಿಗಾಗಿ ಬೆಲೆ ಏರಿಸಿದರೆ ಹಳೇ ಗಿರಾಕಿಗಳು ಮುನಿಯುತ್ತಾರೆ. ಅಂಗಡಿಗೆ ಕೊಡುವ ಯೋಚನೆ ಇದ್ದರೆ ಮೊದಲ ದಿನವೇ 400ಕ್ಕಿಂತ ಮೇಲೆ ಇಡಬೇಕು. ಇಲ್ಲವೇ ನೇರವಾಗಿ ಮಾತ್ರ ಮಾರುತ್ತೇನೆ ಎಂದು ತೀರ್ಮಾನಿಸಿ ಅದಕ್ಕೆ ಅಂಟಿಕೊಳ್ಳಬೇಕು.

ತಮ್ಮ ಸಮಯಕ್ಕೆ ಸೊನ್ನೆ ಹಾಕುವವರೇ ಹೆಚ್ಚು. ಹವ್ಯಾಸ ಅಲ್ವಾ, ಸುಮ್ನೆ ಸಂಜೆ ಹೊತ್ತು ಮಾಡ್ತೀನಿ ಅನ್ನುತ್ತಾರೆ. ಐವತ್ತು ಜಾರ್‌ನ ಆರ್ಡರ್ ಬಂದ ಸಂಜೆ ಆ ಮಾತು ಬಾಯಿಗೆ ಬರುವುದಿಲ್ಲ.

ಮಾರಾಟ

ಮಳಿಗೆಯಲ್ಲಿ ಜನ ಮೇಣಕ್ಕೆ ಮೂಗು ತಾಗಿಸುವುದು ಬೇಡ. ಮುಚ್ಚಿಟ್ಟ ಜಾರ್‌ನ ಮುಚ್ಚಳದ ಒಳಬದಿ ಮೂಸಲು ಕೊಡಿ, ಪರಿಮಳ ಅಲ್ಲಿ ಕೂಡಿಕೊಂಡಿರುತ್ತದೆ. ಆದರೆ ಆರಿದಾಗ ಬರುವ ಘಮವೇ ಬೇರೆ, ಉರಿವಾಗ ಕೋಣೆ ತುಂಬುವುದೇ ಬೇರೆ. ಮೂಸಿದಾಗ ಘಾಟಾಗಿದ್ದದ್ದು ಉರಿಸಿದಾಗ ಸಪ್ಪೆ ಆಗಬಹುದು. ಇದು ಸಣ್ಣ ಕೋಣೆಗೆ ಸಾಕು, ದೊಡ್ಡ ಹಾಲ್‌ಗೆ ಸಾಲದು ಎಂದು ಹೇಳಿಯೇ ಮಾರುತ್ತೇನೆ. ಹಾಗೆ ಹೇಳಿದ್ದರಿಂದ ಕೊಳ್ಳದೆ ಹೋದವರು ಕಡಿಮೆ.

ಆನ್‌ಲೈನ್‌ನಲ್ಲಿ ಮೂಸಲು ಆಗುವುದಿಲ್ಲ. "ಮನಸೆಳೆಯುವ ಮಾಂತ್ರಿಕ ಪರಿಮಳ" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಸಿಹಿಯೋ, ಹುಳಿಯೋ, ಹಸಿ ಎಲೆಯ ಹಾಗೋ, ಹೊಗೆಯ ಹಾಗೋ, ಜೋರೋ ಮೆತ್ತಗೋ ಎಂದು ಬರೆಯಬೇಕು. ಹೊಸ ಪರಿಮಳ ಓಡುತ್ತದೋ ಇಲ್ಲವೋ ತಿಳಿಯಲು ಮೊದಲು ಬತ್ತಿಯಿಲ್ಲದ ಮೇಣದ ತುಂಡು ಮಾಡಿ ಮಾರುತ್ತೇನೆ, ಬಿಸಿ ತಟ್ಟೆಯ ಮೇಲೆ ಕರಗಿಸುವಂಥದ್ದು. ಬತ್ತಿ ಇಲ್ಲದ ಮೇಲೆ ಬತ್ತಿ ಪರೀಕ್ಷೆಯೂ ಇಲ್ಲ. ಜನ ಮತ್ತೆ ಕೇಳಿದರೆ ಮಾತ್ರ ಅದಕ್ಕೆ ಜಾರ್ ಯೋಗ.

ಪಾರ್ಸೆಲ್ ಕಳಿಸುವಾಗ ಒಡೆಯುವುದಕ್ಕಿಂತ ಕರಗುವುದು ದೊಡ್ಡ ಚಿಂತೆ. 50 ಡಿಗ್ರಿಗೆ ಕರಗುವ ಮೇಣ ಅದಕ್ಕೂ ಮುಂಚೆಯೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಮುಚ್ಚಿದ ವಾಹನದೊಳಗೆ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ಜಾರ್ ವಾಲಿದ್ದರೆ ಮೇಣ ವಾಲಿಕೊಂಡೇ ಗಟ್ಟಿಯಾಗುತ್ತದೆ, ಬತ್ತಿಯೂ ಓರೆ. ಬೇಸಿಗೆಯಲ್ಲಿ ವಾರದ ಮೊದಲ ದಿನಗಳಲ್ಲಷ್ಟೇ ಕಳಿಸುತ್ತೇನೆ, ರಜೆಯಲ್ಲಿ ಗೋದಾಮಿನಲ್ಲಿ ಕೊಳೆಯದಿರಲಿ ಅಂತ. ಡಬ್ಬಿ ಕಟ್ಟಿದ ಮೇಲೆ ಅಲ್ಲಾಡಿಸಿ ನೋಡುತ್ತೇನೆ, ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬುವುದು. ಹೊಸ ಡಬ್ಬಿ ತರಿಸಿದಾಗ ಒಂದನ್ನು ಕಟ್ಟಿ ಸೊಂಟದ ಎತ್ತರದಿಂದ ನೆಲಕ್ಕೆ ಬೀಳಿಸುತ್ತೇನೆ, ಮೂಲೆ ಮೇಲೆ ಒಮ್ಮೆ, ಮಗ್ಗುಲಿಗೆ ಒಮ್ಮೆ.

ಈಗ ಮೇಜಿನ ಮೇಲಿರುವುದು

10 ಸೆಂ.ಮೀ. ಅಗಲದ ಜಾರ್. ಇದಕ್ಕೆ ಒಂದೇ ದೊಡ್ಡ ಬತ್ತಿ ಹಾಕಿದರೆ ಜ್ವಾಲೆ ಎತ್ತರವಾಗಿ ಮಸಿ ಬಿಡುತ್ತಿದೆ. ಎರಡು ಸಣ್ಣ ಬತ್ತಿ ಹಾಕಿದೆ, ನಡುವೆ 5 ಸೆಂ.ಮೀ. ಅಂತರ. ಎರಡೂ ಕೊಳ ಒಂದು ಗಂಟೆಯಲ್ಲಿ ಸೇರಿಕೊಂಡವು. ಆದರೆ ಬತ್ತಿಗಳ ಸಾಲಿನ ಎರಡು ತುದಿಯಲ್ಲಿ ಗಾಜು ಹೆಚ್ಚು ಕಾಯುತ್ತಿದೆ, ಅಡ್ಡಬದಿಯಲ್ಲಿ ಮೇಣ ಉಳಿಯುತ್ತಿದೆ. ಮುಂದಿನದಕ್ಕೆ ಅಂತರ 4 ಸೆಂ.ಮೀ. ಮಾಡಿ, ಬತ್ತಿ ಅದೇ ಅಳತೆಯದ್ದೇ ಇಟ್ಟು ಸುರಿದಿದ್ದೇನೆ. ಎರಡು ವಾರ ಕಳೆದ ಮೇಲೆ ಹಚ್ಚಿ ತೂಗಬೇಕು.